ಸೂಜಿಯ ತುದಿಯಲ್ಲಿ ಕವಲೊಡೆಯುವ ವೈರಸ್‌ಗಳು

ಹೆಪಟೈಟಿಸ್ ಸಿ ಸೋಂಕಿರುವವರ ರಕ್ತಪರೀಕ್ಷೆಯ ವರದಿಯಲ್ಲಿ ಕೆಲವೊಮ್ಮೆ ‘ಜೀನೋಟೈಪ್ 3’ ಎಂದೋ ‘ಜೀನೋಟೈಪ್ 1’ ಎಂದೋ ಒಂದು ಸಾಲು ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಕಾಯಿಲೆ ಬಲಿತಿದೆ ಎಂದು ತಿಳಿದು ಗಾಬರಿಯಾಗುವುದು ಸಹಜ. ಆದರೆ ಆ ಅಂಕಿಗೂ ಕಾಯಿಲೆಯ ಹಂತಕ್ಕೂ ಸಂಬಂಧವಿಲ್ಲ. ದೇಹದೊಳಗಿರುವ ವೈರಸ್ ಯಾವ ವಂಶದ್ದು ಎಂಬುದನ್ನಷ್ಟೇ ಅದು ಹೇಳುತ್ತದೆ. ಹೆಪಟೈಟಿಸ್ ಸಿ ವೈರಸ್‌ನಲ್ಲಿ ಇಂಥ 8 ದೊಡ್ಡ ವಂಶಗಳನ್ನು ಈವರೆಗೆ ಗುರುತಿಸಲಾಗಿದೆ. ಅವುಗಳ ಒಳಗೆ 1ಎ, 1ಬಿ, 3ಎ, 3ಬಿ ಹೀಗೆ ಹತ್ತಾರು ಉಪವಂಶಗಳಿವೆ. ಎಂಟನೆಯ ವಂಶ ಪತ್ತೆಯಾದದ್ದು ತೀರಾ ಈಚೆಗೆ, 2018ರಲ್ಲಿ. ಅದು ಸಿಕ್ಕಿದ್ದು ಕೆನಡಾದಲ್ಲಿ ನೆಲೆಸಿದ್ದ ಪಂಜಾಬ್ ಮೂಲದ ರೋಗಿಗಳ ರಕ್ತದಲ್ಲಿ.

ರಕ್ತದಿಂದ ರಕ್ತಕ್ಕೆ ದಾಟುವ ವೈರಸ್‌ಗಳಲ್ಲಿ ಮುಖ್ಯವಾದವು ಮೂರು: ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ. ಮಾದಕ ವಸ್ತುವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರಲ್ಲಿ ಈ ಮೂರೂ ಸೇರುತ್ತವೆ, ಬೆರೆಯುತ್ತವೆ, ಹೊಸ ಕವಲುಗಳನ್ನು ಒಡೆಯುತ್ತವೆ. ಆ ಕವಲುಗಳನ್ನು ಓದಲು ಕಲಿತರೆ ಸೋಂಕು ಯಾವ ದಾರಿಯಲ್ಲಿ ಬಂತು, ಎಷ್ಟು ಕಾಲದಿಂದ ಓಡಾಡುತ್ತಿದೆ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಇನ್ನೂ ಒಂದು ತಿಳಿಯುತ್ತದೆ: ಹೊಸ ಸೂಜಿ ಸಿಗದೆ ಒಂದೇ ಸೂಜಿಯನ್ನು ಹಂಚಿಕೊಳ್ಳಬೇಕಾಗಿ ಬಂದವರು ಎಲ್ಲಿದ್ದರು, ಯಾವಾಗಿನಿಂದ ಇದ್ದರು ಎಂಬುದು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ.

ನಕಲು ಮಾಡುವಾಗಿನ ತಪ್ಪು

ಹಳಗನ್ನಡ ಕಾವ್ಯಗಳು ನಮ್ಮ ಕೈಗೆ ಬಂದಿರುವುದು ಓಲೆಗರಿ ಪ್ರತಿಗಳ ಮೂಲಕ. ನಕಲು ಮಾಡುವಾಗ ಲಿಪಿಕಾರ ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿಯನ್ನು ಮುಂದಿಟ್ಟುಕೊಂಡು ಬರೆದವರೆಲ್ಲರ ಪ್ರತಿಗಳಿಗೂ ಆ ತಪ್ಪು ಇಳಿಯುತ್ತದೆ. ಮುಂದೆ ಗ್ರಂಥ ಸಂಪಾದಕರು ಹತ್ತಾರು ಪ್ರತಿಗಳನ್ನು ಹರಡಿಕೊಂಡು ಪಾಠಾಂತರಗಳನ್ನು ಗುರುತಿಸುತ್ತಾರೆ. ಒಂದೇ ತಪ್ಪು ಇರುವ ಪ್ರತಿಗಳನ್ನು ಒಂದು ಗುಂಪಿಗೆ ಸೇರಿಸಿ, ಯಾವ ಪ್ರತಿ ಯಾವುದರ ಸಂತಾನ ಎಂದು ಲೆಕ್ಕ ಹಾಕುತ್ತಾರೆ. ವೈರಾಣು ವಿಜ್ಞಾನಿಗಳು ಮಾಡುವ ಕೆಲಸವೂ ಇದೇ. ಅವರ ಮುಂದಿರುವ ಪ್ರತಿಗಳು ಬೇರೆಬೇರೆ ಜನರ ರಕ್ತದಿಂದ ಬಂದವು, ಅಷ್ಟೇ.

ಹೆಪಟೈಟಿಸ್ ಸಿ ವೈರಸ್‌ನ ಇಡೀ ಆನುವಂಶಿಕ ಬರಹದಲ್ಲಿ ಸುಮಾರು 9,600 ಅಕ್ಷರಗಳಿವೆ. ಅದು ಆರ್‌ಎನ್‌ಎಯಲ್ಲಿದೆ. ನಮ್ಮ ಜೀವಕೋಶಗಳು ತಮ್ಮ ಡಿಎನ್‌ಎಯನ್ನು ನಕಲು ಮಾಡುವಾಗ ತಪ್ಪಿದ ಅಕ್ಷರವನ್ನು ಅಳಿಸಿ ತಿದ್ದುವ ವ್ಯವಸ್ಥೆ ಇರುತ್ತದೆ. ಈ ವೈರಸ್‌ನ ನಕಲು ಕಿಣ್ವಕ್ಕೆ ಆ ಶಕ್ತಿಯಿಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಗಳಿಗೆ ಒಂದರಂತೆ ಅದು ತಪ್ಪುತ್ತಾ ಹೋಗುತ್ತದೆ. ಸೋಂಕಿತರೊಬ್ಬರ ದೇಹದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ ಎಂಬುದು 1998ರಲ್ಲಿ ಪ್ರಕಟವಾದ ಅಂದಾಜು. ಈ ಎರಡನ್ನೂ ಗುಣಿಸಿ ನೋಡಿ. 9,600 ಅಕ್ಷರಗಳ ಬರಹದಲ್ಲಿ ಒಂದಕ್ಷರದ ಬದಲಾವಣೆಗಳು ಒಟ್ಟು 28,800 ಮಾತ್ರ ಸಾಧ್ಯ. ಅವೆಲ್ಲವೂ ಒಬ್ಬರ ಯಕೃತ್ತಿನಲ್ಲಿ ಪ್ರತಿದಿನ, ಮತ್ತೆ ಮತ್ತೆ, ಹುಟ್ಟುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕ, ಹುಟ್ಟಿದಲ್ಲೇ ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಒಬ್ಬ ರೋಗಿಯ ದೇಹದಲ್ಲಿರುವುದು ಒಂದೇ ವೈರಸ್ ಎನ್ನುವುದಕ್ಕಿಂತ, ಹತ್ತಿರದ ಸಂಬಂಧವಿರುವ ವೈರಸ್‌ಗಳ ಒಂದು ದೊಡ್ಡ ಗುಂಪು ಎನ್ನುವುದೇ ಸರಿ.

ವರ್ಷಗಳು ಉರುಳಿ, ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ಗುಂಪುಗಳು ಬೆಳೆದಾಗ ವಂಶಗಳು ದೂರವಾಗುತ್ತವೆ. ಹೆಪಟೈಟಿಸ್ ಸಿಯ ಎರಡು ವಂಶಗಳ ನಡುವೆ ಸುಮಾರು ಶೇ 30ರಷ್ಟು ಅಕ್ಷರಗಳು ಬೇರೆಯಾಗಿರುತ್ತವೆ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಬೇರೆಯಾಗಿರುವುದು ಸುಮಾರು ಶೇ 0.1ರಷ್ಟು. ನಾವು ಒಂದೇ ಹೆಸರಿನಿಂದ ಕರೆಯುವ ಈ ವೈರಸ್‌ನೊಳಗೆ ಎಷ್ಟು ದೂರದ ಸಂಬಂಧಿಗಳಿದ್ದಾರೆ ಎಂಬುದನ್ನು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅರಿವಾಗುತ್ತದೆ.

ಎಚ್‌ಐವಿಯದು ಇನ್ನೊಂದು ಬಗೆ. ಅದರ ಆರ್‌ಎನ್‌ಎ ಮೊದಲು ಡಿಎನ್‌ಎಯಾಗಿ ತಿರುಗಿ, ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ. ಹೀಗೆ ತಿರುಗಿಸುವ ಕಿಣ್ವವೂ ತಪ್ಪುಗಳನ್ನು ತಿದ್ದುವುದಿಲ್ಲ. ಅದರ ಜೊತೆಗೆ, ಪ್ರತಿ ಎಚ್‌ಐವಿ ಕಣದಲ್ಲಿ ಆರ್‌ಎನ್‌ಎಯ ಎರಡು ಎಳೆಗಳಿರುತ್ತವೆ. ನಕಲು ಮಾಡುವ ಕಿಣ್ವ ಒಂದು ಎಳೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುತ್ತದೆ. ಒಂದೇ ಜೀವಕೋಶಕ್ಕೆ ಎರಡು ಬೇರೆ ವಂಶದ ವೈರಸ್‌ಗಳು ಹೊಕ್ಕರೆ, ಅರ್ಧ ಇದರದ್ದು ಅರ್ಧ ಅದರದ್ದು ಆದ ಮಿಶ್ರ ತಳಿ ಹುಟ್ಟುತ್ತದೆ. ಅದಕ್ಕೆ ಒಂದೇ ಷರತ್ತು: ಒಬ್ಬ ವ್ಯಕ್ತಿಗೆ ಎರಡು ವಂಶದ ಸೋಂಕು ತಗುಲಿರಬೇಕು. ಸೂಜಿ ಹಂಚಿಕೊಳ್ಳುವವರ ನಡುವೆ ಈ ಷರತ್ತು ಬೇಗ ಪೂರೈಸುತ್ತದೆ.

ಹೆಪಟೈಟಿಸ್ ಬಿ ಈ ಮೂರರಲ್ಲಿ ತೀರಾ ಚಿಕ್ಕದು. ಸುಮಾರು 3,200 ಅಕ್ಷರಗಳ ಡಿಎನ್‌ಎ ವೈರಸ್. ಅದರ ಜೀನ್‌ಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಒಂದೇ ಅಕ್ಷರ ಎರಡು ಪ್ರೋಟೀನುಗಳಿಗೆ ಬೇಕಾಗಿರುತ್ತದೆ. ಒಂದಕ್ಕೆ ಲಾಭವಾದ ಬದಲಾವಣೆ ಇನ್ನೊಂದನ್ನು ಕೆಡಿಸುವುದರಿಂದ ಅದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಹಾಗಿದ್ದೂ ಅದರಲ್ಲಿ ಎಯಿಂದ ಜೆವರೆಗೆ ಹತ್ತು ವಂಶಗಳಿವೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಡಿ ಮತ್ತು ಎ.

ಸೂಜಿ ಏಕೆ ಬೇರೆ

ಆಸ್ಪತ್ರೆಯ ಸಿಬ್ಬಂದಿಗೆ ಆಕಸ್ಮಿಕವಾಗಿ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಂಭವ ಎಷ್ಟು ಎಂಬ ಲೆಕ್ಕ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಾಯಿಪಾಠ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 30ರವರೆಗೂ ಇರಬಹುದು. ಹೆಪಟೈಟಿಸ್ ಸಿಗೆ ಅದು ಸುಮಾರು ಶೇ 2, ಎಚ್‌ಐವಿಗೆ ಸುಮಾರು ಶೇ 0.3. ಇದು ಒಂದು ಚುಚ್ಚಿನ ಲೆಕ್ಕ. ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ, ಬೇರೆಯವರು ಬಳಸಿದ ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೇ ಚುಚ್ಚಿಕೊಳ್ಳಬೇಕಾಗಿ ಬಂದವರಿಗೆ ಶೇ 2 ಎಂಬುದು ಚಿಕ್ಕ ಅಂಕಿಯಲ್ಲ.

ಸಿರಿಂಜಿನ ರಚನೆಯೂ ಲೆಕ್ಕಕ್ಕೆ ಬರುತ್ತದೆ. ದಂಡವನ್ನು ಪೂರ್ತಿ ಒತ್ತಿದ ಮೇಲೂ, ಸೂಜಿ ಬಿಚ್ಚಿ ಹಾಕುವಂಥ ಸಿರಿಂಜುಗಳಲ್ಲಿ ಸೂಜಿಯ ಬುಡದಲ್ಲಿ ಒಂದಿಷ್ಟು ದ್ರವ ಉಳಿಯುತ್ತದೆ. ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜುಗಳಲ್ಲಿ ಉಳಿಯುವುದು ಬಹಳ ಕಡಿಮೆ. ದ್ರವ ಹೆಚ್ಚು ಉಳಿಯುವ ಸಿರಿಂಜುಗಳೊಳಗೆ ಹೆಪಟೈಟಿಸ್ ಸಿ ವೈರಸ್ 63 ದಿನಗಳವರೆಗೂ ಸೋಂಕು ಹರಡುವ ಸ್ಥಿತಿಯಲ್ಲಿ ಇರಬಲ್ಲದು ಎಂದು 2010ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ತೋರಿಸಿತು. ಹೆಪಟೈಟಿಸ್ ಬಿ ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಬದುಕಿರುತ್ತದೆ. ಹಾಗಾಗಿ ಹಂಚಿಕೊಂಡವರು ಎದುರುಬದುರು ಕುಳಿತಿರಲೇಬೇಕು ಎಂದೇನೂ ಇಲ್ಲ. ಕಳೆದ ವಾರ ಯಾರೋ ಬಿಟ್ಟುಹೋದ ಸಿರಿಂಜು ಸಾಕು. ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಇವುಗಳ ಮೂಲಕವೂ ಹೆಪಟೈಟಿಸ್ ಸಿ ದಾಟುತ್ತದೆ. ‘ನನ್ನ ಸೂಜಿ ನನ್ನದೇ’ ಎಂದು ಎಚ್ಚರ ವಹಿಸಿದವರಿಗೂ ಸೋಂಕು ಬರುವುದು ಈ ಕಾರಣದಿಂದ.

ವೈವಿಧ್ಯದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮುಖವಿದೆ. ಲೈಂಗಿಕ ಸಂಪರ್ಕದಿಂದ ಎಚ್‌ಐವಿ ದಾಟುವಾಗ ದೇಹದ ಒಳಪೊರೆ ಅಡ್ಡ ಬರುತ್ತದೆ. ಬಹುಪಾಲು ಸಲ ಆ ಪೊರೆ ದಾಟಿ ನೆಲೆಯೂರುವುದು ಒಂದೇ ಒಂದು ರೂಪ. ಸೂಜಿಯ ಮೂಲಕ ಬಂದಾಗ ಆ ಅಡ್ಡಗೋಡೆಯಿಲ್ಲ. ಹಲವು ರೂಪಗಳು ಒಟ್ಟಿಗೇ ಒಳಹೋಗಬಹುದು. ಹೆಪಟೈಟಿಸ್ ಸಿಯಂತೂ ಒಮ್ಮೆ ಬಂದು ಹೋದರೆ ಮತ್ತೆ ಬರದು ಎನ್ನುವಂಥ ಸೋಂಕಲ್ಲ. ಸೋಂಕಿತರಲ್ಲಿ ಸುಮಾರು ಮೂವರಲ್ಲಿ ಒಬ್ಬರ ದೇಹ ಔಷಧಿಯಿಲ್ಲದೆ ಆರು ತಿಂಗಳೊಳಗೆ ವೈರಸ್ಸನ್ನು ಹೊರಹಾಕುತ್ತದೆ. ಆದರೆ ಅವರಿಗೂ ಮತ್ತೊಂದು ವಂಶದ, ಕೆಲವೊಮ್ಮೆ ಅದೇ ವಂಶದ ಸೋಂಕು ಮತ್ತೆ ತಗಲಬಹುದು. ಒಬ್ಬರಲ್ಲೇ ಎರಡು ವಂಶಗಳು ಏಕಕಾಲದಲ್ಲಿ ಇರುವುದೂ ಉಂಟು. ಹೆಪಟೈಟಿಸ್ ಸಿಯಲ್ಲಿ ಮಿಶ್ರ ತಳಿಗಳು ಅಪರೂಪ. ಜಗತ್ತಿನಲ್ಲಿ ಹೆಚ್ಚು ಹರಡಿರುವ ಅಂಥ ತಳಿ, 2ಕೆ ಮತ್ತು 1ಬಿ ಬೆರೆತದ್ದು, ಮೊದಲು ವರದಿಯಾದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ, 2002ರಲ್ಲಿ.

ಮಣಿಪುರದಿಂದ ಬೆಂಗಳೂರಿನವರೆಗೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ದಕ್ಷಿಣದ ರಾಜ್ಯಗಳಲ್ಲಿ, ಕರ್ನಾಟಕದಲ್ಲಿಯೂ, ಅದು ಮುಖ್ಯವಾಗಿ ಲೈಂಗಿಕ ಸಂಪರ್ಕದ ಮೂಲಕ ಹರಡಿತು. ಇಲ್ಲಿ ಬೇರೂರಿದ್ದು ಬಹುತೇಕ ಎಚ್‌ಐವಿಯ ಒಂದೇ ಉಪವಂಶ, ಸಿ (ಹೆಪಟೈಟಿಸ್ ಸಿ ಅಲ್ಲ). ಈಶಾನ್ಯದ ಕಥೆ ಬೇರೆ. ಮ್ಯಾನ್ಮಾರ್ ಗಡಿಯಲ್ಲಿರುವ ಮಣಿಪುರಕ್ಕೆ ಗಡಿಯಾಚೆಯಿಂದ ಹೆರಾಯಿನ್ ಬರುತ್ತಿತ್ತು. ಅಲ್ಲಿ ಚುಚ್ಚಿಕೊಳ್ಳುವವರಲ್ಲಿ 1989ರ ಸೆಪ್ಟೆಂಬರ್‌ವರೆಗೆ ಪರೀಕ್ಷೆಗಳಲ್ಲಿ ಎಚ್‌ಐವಿ ಕಂಡಿರಲಿಲ್ಲ. ಆರೇ ತಿಂಗಳಲ್ಲಿ, 1990ರ ಹೊತ್ತಿಗೆ, ಪರೀಕ್ಷಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಸೋಂಕಿತ್ತು. ಲೈಂಗಿಕ ಸಂಪರ್ಕದಿಂದ ಯಾವ ಊರಿನಲ್ಲೂ ಎಚ್‌ಐವಿ ಇಷ್ಟು ವೇಗದಲ್ಲಿ ಹರಡಲಾರದು.

ಆ ಗಡಿ ಎಚ್‌ಐವಿಯ ಎರಡು ವಂಶಗಳು ಸಂಧಿಸಿದ ಜಾಗ. ಭಾರತದ ಕಡೆಯಿಂದ ಉಪವಂಶ ಸಿ, ಥಾಯ್ಲೆಂಡ್–ಮ್ಯಾನ್ಮಾರ್ ಕಡೆಯಿಂದ ಉಪವಂಶ ಬಿಯ ಒಂದು ಕವಲು. ಮಣಿಪುರದಲ್ಲಿ ಎರಡೂ ಸಿಕ್ಕಿವೆ, ಎರಡರ ಮಿಶ್ರಣವೂ ಸಿಕ್ಕಿದೆ. ಹೆರಾಯಿನ್ ದಾರಿಯ ಇನ್ನೊಂದು ತುದಿಯಲ್ಲಿರುವ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಹೀಗೇ ಬಿ ಮತ್ತು ಸಿ ಬೆರೆತ ಎರಡು ತಳಿಗಳು ಹಬ್ಬಿ, ಚೀನಾದ ಬೇರೆ ಭಾಗಗಳಿಗೂ ಹರಡಿದವು. ಅವುಗಳ ‘ಸಿ’ ಭಾಗವನ್ನು ಓದಿದರೆ ಅದು ಭಾರತದ ಸಿ ಉಪವಂಶಕ್ಕೆ ಹತ್ತಿರದ್ದು. ಹೆಪಟೈಟಿಸ್ ಸಿಯಲ್ಲೂ ಇದೇ ಚಿತ್ರ. ದೇಶದ ಬಹುಭಾಗದಲ್ಲಿ ವಂಶ 3, ಅದರ ನಂತರ ವಂಶ 1 ಇದ್ದರೆ, ಈಶಾನ್ಯದಲ್ಲಿ ಚುಚ್ಚಿಕೊಳ್ಳುವವರಲ್ಲಿ ಆಗ್ನೇಯ ಏಷ್ಯಾದ ವಂಶ 6 ಮತ್ತು ಉಪವಂಶ 3ಬಿ ಗಣನೀಯವಾಗಿ ಕಾಣುತ್ತವೆ. ಕಳ್ಳಸಾಗಣೆಯ ದಾರಿಗಳ ನಕ್ಷೆಯ ಮೇಲೆ ವೈರಸ್ ವಂಶಗಳ ನಕ್ಷೆಯನ್ನಿಟ್ಟರೆ ಎರಡೂ ಬಹುಮಟ್ಟಿಗೆ ಹೊಂದುತ್ತವೆ.

ದೇಶದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು 2019ರಲ್ಲಿ ಪ್ರಕಟವಾದ ಸರ್ಕಾರಿ ಸಮೀಕ್ಷೆ ಅಂದಾಜಿಸಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 2014–15ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅವರಲ್ಲಿ ಶೇ 9.9ರಷ್ಟು ಜನರಿಗೆ ಎಚ್‌ಐವಿ ಇತ್ತು. ದೇಶದ ವಯಸ್ಕರ ಒಟ್ಟು ಲೆಕ್ಕದಲ್ಲಿ ಅದು ಶೇ 0.2ರ ಆಸುಪಾಸಿನಲ್ಲಿದೆ. ಪಂಜಾಬ್ ಅಥವಾ ಮಿಜೋರಾಂಗೆ ಹೋಲಿಸಿದರೆ ಕರ್ನಾಟಕದಲ್ಲಿ ಚುಚ್ಚಿಕೊಳ್ಳುವವರ ಸಂಖ್ಯೆ ಕಡಿಮೆ. ಆದರೆ ಇಲ್ಲಿ ಯಾರೂ ಇಲ್ಲ ಎಂದು ನಂಬಿಕೊಳ್ಳುವುದು ಅಪಾಯಕರ. ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳನ್ನು ಪುಡಿ ಮಾಡಿ, ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಹುಡುಗರ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಹೊಸದೇನಲ್ಲ.

ಬೆಂಗಳೂರು ಎಲ್ಲ ಕಡೆಯ ಜನ ಸೇರುವ ಊರು. ಅಂಥ ಊರಿನಲ್ಲಿ ವೈರಸ್‌ನ ಹಲವು ವಂಶಗಳು ಸಂಧಿಸುವುದು ಸಾಧ್ಯ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಈಶಾನ್ಯದ ವೈರಸ್’ ಎಂಬ ಅರ್ಧ ವಾಕ್ಯ ಈ ಊರಿನಲ್ಲಿ ಏನು ಮಾಡಬಲ್ಲದು ಎಂಬುದು ನಮಗೆ ಗೊತ್ತಿರಬೇಕು. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗಾಗಿ ಮುಗಿಬಿದ್ದಿದ್ದರು. ವೈರಸ್‌ನ ವಂಶ ಮನುಷ್ಯರ ವಂಶವಲ್ಲ. ಅದು ಸೂಜಿಯ ಜೊತೆ ಸಾಗುತ್ತದೆ. ಸೂಜಿ ಹಿಡಿದವರ ಜಾತಿ, ಭಾಷೆ, ಮುಖಚಹರೆ ಅದಕ್ಕೆ ಗೊತ್ತಿಲ್ಲ.

ವಂಶ ಎಂಬುದು ಬರೀ ಹಣೆಪಟ್ಟಿಯೂ ಅಲ್ಲ, ವೈರಸ್‌ನ ನಡವಳಿಕೆಯನ್ನೂ ಬದಲಿಸಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಕೆಲಸವೊಂದು ಸಾಕ್ಷಿ. ಎಚ್‌ಐವಿಯ ‘ಟ್ಯಾಟ್’ ಎಂಬ ಪ್ರೋಟೀನಿನಲ್ಲಿ 30 ಮತ್ತು 31ನೆಯ ಸ್ಥಾನಗಳಲ್ಲಿ ಸಾಮಾನ್ಯವಾಗಿ ಎರಡು ಸಿಸ್ಟೀನ್ ಅಮೈನೋ ಆಮ್ಲಗಳು ಒಟ್ಟಿಗಿರುತ್ತವೆ. ಉಪವಂಶ ಸಿಯಲ್ಲಿ 31ನೆಯ ಸ್ಥಾನದಲ್ಲಿ ಬಹುತೇಕ ಸೆರೀನ್ ಎಂಬ ಬೇರೆ ಅಮೈನೋ ಆಮ್ಲ ಇರುತ್ತದೆ. ಈ ಜೋಡಿ ಮುರಿದಾಗ, ಮಿದುಳಿನತ್ತ ಬಿಳಿ ರಕ್ತಕಣಗಳನ್ನು ಸೆಳೆಯುವ ಟ್ಯಾಟ್‌ನ ಶಕ್ತಿ ಕುಂದುತ್ತದೆ ಎಂದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು, ನಿಮ್ಹಾನ್ಸ್ ವಿಜ್ಞಾನಿಗಳ ಜೊತೆ ಸೇರಿ 2004ರಲ್ಲಿ ತೋರಿಸಿದರು. ಎಚ್‌ಐವಿಯಿಂದ ಬರುವ ತೀವ್ರ ಮರೆವಿನ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿನ ರೋಗಿಗಳಲ್ಲಿ ಕಡಿಮೆ ಎಂದು ನಿಮ್ಹಾನ್ಸ್ ವೈದ್ಯರು ಅದಕ್ಕೂ ಮೊದಲೇ ಗಮನಿಸಿದ್ದರು. ಅದಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಒಂದು ಅಮೈನೋ ಆಮ್ಲದ ಬದಲಾವಣೆ ಇಷ್ಟು ದೂರ ಹೋಗಬಲ್ಲದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕವಲುಗಳು ಹೇಳುವುದು, ಹೇಳದೇ ಇರುವುದು

ಸೋಂಕಿತರಿಂದ ಪಡೆದ ವೈರಸ್ ಬರಹಗಳನ್ನು ಹೋಲಿಸಿ ವಂಶವೃಕ್ಷ ಬಿಡಿಸುವುದರಿಂದ ಏನು ತಿಳಿಯುತ್ತದೆ? ಇದಕ್ಕೆ ಅತ್ಯುತ್ತಮ ಉದಾಹರಣೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ. ವರ್ಷಕ್ಕೆ ಐದು ಎಚ್‌ಐವಿ ಪ್ರಕರಣಗಳೂ ಇಲ್ಲದಿದ್ದ ಆ ಗ್ರಾಮೀಣ ಪ್ರದೇಶದಲ್ಲಿ 2015ರ ನವೆಂಬರ್ ಹೊತ್ತಿಗೆ 181 ಜನರಿಗೆ ಸೋಂಕು ಪತ್ತೆಯಾಯಿತು. ಹೆಚ್ಚಿನವರು ನೋವಿನ ಮಾತ್ರೆಯೊಂದನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರು. ಅವರ ಎಚ್‌ಐವಿಯನ್ನು ಓದಿದಾಗ ಬಹುತೇಕ ಎಲ್ಲವೂ ಒಂದೇ ಕವಲಿಗೆ ಸೇರಿದ್ದವು. ಅಕ್ಷರಗಳ ವ್ಯತ್ಯಾಸ ತೀರಾ ಕಡಿಮೆಯಿತ್ತು. ಅಂದರೆ ವೈರಸ್ ಆ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ಬಂದ ಮೇಲೆ ಬೆಂಕಿಯಂತೆ ಹಬ್ಬಿತ್ತು. ಆದರೆ ಅದೇ ಜನರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಸಿ ಇತ್ತು, ಅದರ ವೃಕ್ಷದಲ್ಲಿ ಹಲವು ಕವಲುಗಳಿದ್ದವು. ಹೆಪಟೈಟಿಸ್ ಸಿ ಅಲ್ಲಿಗೆ ಹಲವು ಬಾರಿ ಬಂದು, ವರ್ಷಗಳಿಂದ ಸದ್ದಿಲ್ಲದೆ ಸುತ್ತುತ್ತಿತ್ತು.

ಇದರಿಂದ ತಿಳಿಯುವುದು ಸ್ಪಷ್ಟ. ಸೂಜಿ ಹಂಚಿಕೆಯ ಜಾಲ ಒಂದೂರಿನಲ್ಲಿ ಇದೆ ಎಂಬುದನ್ನು ಹೆಪಟೈಟಿಸ್ ಸಿ ಮೊದಲೇ ಹೇಳಿರುತ್ತದೆ. ಎಚ್‌ಐವಿ ಅದೇ ಜಾಲವನ್ನು ತಡವಾಗಿ ಹೊಕ್ಕು, ಒಂದೇ ವರ್ಷದಲ್ಲಿ ತುಂಬಿಕೊಳ್ಳುತ್ತದೆ. ಹೆಪಟೈಟಿಸ್ ಸಿ ಹೆಚ್ಚುತ್ತಿರುವಾಗಲೇ ಹೊಸ ಸೂಜಿಗಳು ಸಿಗುವಂತೆ ಮಾಡಿದ್ದರೆ ಎಷ್ಟೋ ಜನ ಎಚ್‌ಐವಿಯಿಂದ ಉಳಿಯುತ್ತಿದ್ದರು. ಸ್ಕಾಟ್ ಕೌಂಟಿಯಲ್ಲಿ ಸೂಜಿ ವಿತರಣೆಗೆ ಅನುಮತಿ ಸಿಕ್ಕಿದ್ದು ಎಚ್‌ಐವಿ ಹಬ್ಬಿದ ಮೇಲೆ. ನಮ್ಮ ಯಾವ ನಗರದಲ್ಲೂ ಆ ತಡ ಆಗಬಾರದು.

ವೈರಸ್‌ನ ವಂಶವೃಕ್ಷ ಜೀವ ಉಳಿಸಿದ್ದೂ ಇದೆ. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿದಾಗ ಬಲ್ಗೇರಿಯಾದ ಐವರು ದಾದಿಯರು ಮತ್ತು ಪ್ಯಾಲೆಸ್ತೀನ್ ಮೂಲದ ಒಬ್ಬ ವೈದ್ಯರು ಬೇಕೆಂದೇ ಸೋಂಕು ಹಚ್ಚಿದರೆಂದು ಮರಣದಂಡನೆ ವಿಧಿಸಲಾಗಿತ್ತು. ಮಕ್ಕಳ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ವೈರಸ್‌ಗಳ ಬರಹಗಳಲ್ಲಿನ ತಪ್ಪುಗಳನ್ನು ಎಣಿಸಿ, ಅವು ಹುಟ್ಟಲು ಎಷ್ಟು ಕಾಲ ಬೇಕು ಎಂದು ಲೆಕ್ಕ ಹಾಕಿದ ವಿಜ್ಞಾನಿಗಳು, ಈ ಸಿಬ್ಬಂದಿ 1998ರ ಮಾರ್ಚ್‌ನಲ್ಲಿ ಅಲ್ಲಿಗೆ ಬರುವ ಮೊದಲೇ ಆ ತಳಿ ಆಸ್ಪತ್ರೆಯಲ್ಲಿ ಹರಡುತ್ತಿತ್ತು ಎಂದು 2006ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ನ್ಯಾಯಾಲಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಜಗತ್ತು ಕೇಳಿಸಿಕೊಂಡಿತು. ರಾಜತಾಂತ್ರಿಕ ಒತ್ತಡದ ನಡುವೆ 2007ರ ಜುಲೈನಲ್ಲಿ ಅವರ ಬಿಡುಗಡೆಯಾಯಿತು.

ಇಷ್ಟೆಲ್ಲ ಹೇಳುವ ವೃಕ್ಷ ಒಂದು ವಿಷಯವನ್ನು ಹೇಳಲಾರದು: ಯಾರಿಂದ ಯಾರಿಗೆ ಎಂಬುದನ್ನು. ಇಬ್ಬರ ವೈರಸ್‌ಗಳು ಬಹಳ ಹತ್ತಿರದವು ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿರಬಹುದು. ಪರೀಕ್ಷೆಗೇ ಬಾರದ ಮೂರನೆಯವರಿಂದ ಇಬ್ಬರಿಗೂ ಬಂದಿರಬಹುದು. ಕಳೆದುಹೋದ ಓಲೆಗರಿ ಪ್ರತಿಯೊಂದು ನಡುವೆ ಇದ್ದಿರಬಹುದಾದಂತೆ ಇಲ್ಲಿಯೂ ನಡುವಿನ ಕೊಂಡಿ ಕಾಣೆಯಾಗಿರುತ್ತದೆ. ಆದ್ದರಿಂದ ಈ ಮಾಹಿತಿ ಪೊಲೀಸ್ ಠಾಣೆಗೆ ಹೋಗಬೇಕಾದದ್ದಲ್ಲ, ಆರೋಗ್ಯ ಸೇವೆಯನ್ನು ಎಲ್ಲಿ ಹೆಚ್ಚಿಸಬೇಕು ಎಂದು ತೀರ್ಮಾನಿಸುವವರ ಮೇಜಿಗೆ ಹೋಗಬೇಕಾದದ್ದು. ಭಾರತದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ ಸೋಂಕಿತರ ಗುರುತನ್ನು ಬಹಿರಂಗಪಡಿಸುವುದನ್ನೂ ನಿರ್ಬಂಧಿಸುತ್ತದೆ.

ಚಿಕಿತ್ಸೆಯ ಮಾತು

ಹೆಪಟೈಟಿಸ್ ಸಿಯನ್ನು ಇಂದು ಮಾತ್ರೆಗಳಿಂದ ಪೂರ್ತಿ ಗುಣಪಡಿಸಬಹುದು. ಈ ಒಂದು ಸಂಗತಿ ಇನ್ನೂ ಎಲ್ಲರಿಗೆ ತಲುಪಿಲ್ಲ ಎಂಬುದು ನನ್ನ ದೊಡ್ಡ ಸಂಕಟ. 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಸೊಫೊಸ್ಬುವಿರ್‌ನ 12 ವಾರಗಳ ಚಿಕಿತ್ಸೆಗೆ 84,000 ಡಾಲರ್ ಬೆಲೆಯಿತ್ತು. ಭಾರತದ ಕಂಪನಿಗಳು 2014ರಲ್ಲಿ ಪರವಾನಗಿ ಪಡೆದು ತಯಾರಿಸತೊಡಗಿದ ಮೇಲೆ ಅದರ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಸ್ವಿರ್ 12 ವಾರ. ಸಿರೋಸಿಸ್ ಇರುವವರಿಗೆ ಸೊಫೊಸ್ಬುವಿರ್ ಜೊತೆ ವೆಲ್ಪಟಸ್ವಿರ್. ಗುಣವಾಗುವ ಪ್ರಮಾಣ ಒಟ್ಟಾರೆ ಶೇ 90ಕ್ಕಿಂತ ಹೆಚ್ಚು. ಇವು ಎಲ್ಲ ವಂಶಗಳ ಮೇಲೂ ಕೆಲಸ ಮಾಡುವುದರಿಂದ ಬಹುತೇಕರಿಗೆ ಜೀನೋಟೈಪ್ ಪರೀಕ್ಷೆಯೇ ಬೇಕಾಗುವುದಿಲ್ಲ.

ಹಾಗಾದರೆ ವಂಶದ ಗೊಡವೆ ಏಕೆ? ಎಲ್ಲ ವಂಶಗಳೂ ಒಂದೇ ಸಮನಾಗಿ ಬಗ್ಗುವುದಿಲ್ಲ. ವಂಶ 3 ಯಕೃತ್ತಿನಲ್ಲಿ ಕೊಬ್ಬು ತುಂಬಿಸುತ್ತದೆ, ಹಾನಿಯನ್ನು ಬೇಗ ಬಲಿಸುತ್ತದೆ. ಉಪವಂಶ 3ಬಿಯಲ್ಲಿ, ಈ ಔಷಧಿಗಳು ಹಿಡಿದುಕೊಳ್ಳುವ ಎನ್‌ಎಸ್5ಎ ಎಂಬ ಪ್ರೋಟೀನಿನ 30 ಮತ್ತು 31ನೆಯ ಸ್ಥಾನಗಳು ಔಷಧಿ ಶುರುವಾಗುವ ಮೊದಲೇ ಬದಲಾಗಿರುತ್ತವೆ. ರೋಗಿ ಮಾತ್ರೆ ತಪ್ಪಿಸಿದ್ದರಿಂದ ಹುಟ್ಟಿದ ಪ್ರತಿರೋಧವಲ್ಲ ಇದು. ಆ ವಂಶಕ್ಕೆ ಹುಟ್ಟಿನಿಂದಲೇ ಬಂದದ್ದು. 3ಬಿ ಜೊತೆ ಸಿರೋಸಿಸ್ ಕೂಡ ಇದ್ದರೆ ಗುಣವಾಗುವ ಪ್ರಮಾಣ ಕುಸಿಯುತ್ತದೆ. ಮಾತ್ರೆ ಫಲಿಸದಿದ್ದಾಗ ‘ಸರಿಯಾಗಿ ನುಂಗಿರಲಾರ’ ಎಂದು ರೋಗಿಯನ್ನು ದೂರುವ ಮೊದಲು ಈ ಸಾಧ್ಯತೆಯನ್ನು ನೋಡಬೇಕು.

ಇನ್ನೊಂದು ಉಪಯೋಗ ಮತ್ತೂ ಮುಖ್ಯ. ಚಿಕಿತ್ಸೆ ಮುಗಿದ ಮೇಲೆ ವೈರಸ್ ಮತ್ತೆ ಕಂಡರೆ ಅದು ಹಳೆಯದೇ ಮರುಕಳಿಸಿದ್ದೋ ಹೊಸ ಸೋಂಕೋ? ವಂಶ ಬೇರೆಯಾಗಿದ್ದರೆ ಹೊಸದು. ಬರಹ ಬಹುತೇಕ ಅದೇ ಆಗಿದ್ದರೆ ಹೆಚ್ಚಾಗಿ ಹಳೆಯದು. ಹಳೆಯದಾದರೆ ಔಷಧಿ ಬದಲಿಸಬೇಕು. ಹೊಸದಾದರೆ ಅದೇ ಔಷಧಿ ಸಾಕು. ಆದರೆ ಆ ವ್ಯಕ್ತಿಗೆ ಈಗಲೂ ಹೊಸ ಸೂಜಿ ಸಿಗುತ್ತಿಲ್ಲ ಎಂದರ್ಥ.

ಲಸಿಕೆಯ ವಿಷಯದಲ್ಲಿ ವೈವಿಧ್ಯ ನೇರ ಅಡ್ಡಿ. ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆಯಿದೆ. ಅದರ ಎಲ್ಲ ವಂಶಗಳಿಂದಲೂ ರಕ್ಷಣೆ ಸಿಗುತ್ತದೆ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಅದು ಪೂರ್ಣವಾಗಿ ಸೇರಿದ್ದು 2011ರಲ್ಲಿ, ಹಾಗಾಗಿ ಈಗಿನ ವಯಸ್ಕರಲ್ಲಿ ಹಲವರು ಅದನ್ನು ಪಡೆದಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ವಂಶ 1ಬಿಯ ಪ್ರೋಟೀನುಗಳನ್ನಿಟ್ಟು ತಯಾರಿಸಿದ ಒಂದು ಲಸಿಕೆಯನ್ನು ಅಮೆರಿಕದ ಮೂರು ನಗರಗಳಲ್ಲಿ ಚುಚ್ಚಿಕೊಳ್ಳುವ ಯುವಜನರ ಮೇಲೆ ಪ್ರಯೋಗಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲಸಿಕೆ ಪಡೆದವರಲ್ಲಿ 14, ಪಡೆಯದವರಲ್ಲಿ 14 ಮಂದಿಗೆ ದೀರ್ಘಕಾಲಿಕ ಸೋಂಕು ಉಳಿದಿತ್ತು. ಲಸಿಕೆ ಸೋತಿತು. ಆದರೂ ಸಮಾಜ ದೂರವಿಟ್ಟ 500ಕ್ಕೂ ಹೆಚ್ಚು ಜನ ಸ್ವಇಚ್ಛೆಯಿಂದ ತೋಳು ಒಡ್ಡಿದ್ದರಿಂದಲೇ ಆ ಉತ್ತರ ಸಿಕ್ಕಿತು ಎಂಬುದನ್ನು ಮರೆಯಬಾರದು.

ಲಸಿಕೆಯಿಲ್ಲದ ಕಡೆ ಕೆಲಸ ಮಾಡುವುದು ಯಾವುದು ಎಂಬುದಕ್ಕೆ ಉತ್ತರವಿದೆ. ಹೆರಾಯಿನ್‌ನಂಥ ಮಾದಕ ವಸ್ತುವಿನ ಬದಲಿಗೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧಿಯನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಬದಲಿ ಚಿಕಿತ್ಸೆಯೊಂದೇ ಹೆಪಟೈಟಿಸ್ ಸಿ ತಗಲುವ ಅಪಾಯವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಅದರ ಜೊತೆ ಸಾಕಷ್ಟು ಹೊಸ ಸೂಜಿಗಳೂ ಸಿಕ್ಕರೆ ಅಪಾಯ ಸುಮಾರು ಶೇ 74ರಷ್ಟು ತಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಮರ್ಶೆ ಕಂಡುಕೊಂಡಿತು. ಈ ಉಪಾಯಕ್ಕೆ ವೈರಸ್‌ನ ವಂಶದ ಹಂಗಿಲ್ಲ. ಉಚಿತ ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೂಜಿ ಕೊಡುವ ಜಾಗವೇ ಎಷ್ಟೋ ಜನ ಆರೋಗ್ಯ ಕಾರ್ಯಕರ್ತರ ಜೊತೆ ಮೊದಲ ಬಾರಿ ಮಾತಾಡುವ ಜಾಗ. ಅಲ್ಲಿಂದಲೇ ಅವರು ಪರೀಕ್ಷೆಗೂ ಬದಲಿ ಚಿಕಿತ್ಸೆಗೂ ಬರುತ್ತಾರೆ. ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಭಾರತ ಸರ್ಕಾರವೇ ಈ ಎರಡನ್ನೂ ಒಪ್ಪಿಕೊಂಡು ನಡೆಸುತ್ತಿದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಎಚ್‌ಐವಿ ಕುರಿತ ಮಾಹಿತಿಗೆ 1097, ವ್ಯಸನ ಬಿಡಲು ನೆರವಿಗೆ 14446 ಎಂಬ ಉಚಿತ ಸಹಾಯವಾಣಿಗಳಿವೆ. ಎಂದಾದರೂ ಸೂಜಿ ಹಂಚಿಕೊಂಡವರು, ಅದು ಒಮ್ಮೆಯೇ ಆಗಿರಲಿ, ಮೂರೂ ವೈರಸ್‌ಗಳಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬೇಕು. ಇದ್ದರೆ, ಹೆಪಟೈಟಿಸ್ ಸಿಯ ಮಾತ್ರೆ ಶುರುಮಾಡುವ ಮೊದಲು ವೈದ್ಯರಿಗೆ ಅದು ಗೊತ್ತಿರಬೇಕು. ಸಿ ತಗ್ಗಿದಾಗ ಬಿ ಕೆರಳುವುದುಂಟು. ಹೆಪಟೈಟಿಸ್ ಸಿಯ ಪ್ರತಿಕಾಯ ಪರೀಕ್ಷೆ ಸಾಮಾನ್ಯವಾಗಿ ಗುಣವಾದ ಮೇಲೂ ‘ಪಾಸಿಟಿವ್’ ಎಂದೇ ತೋರಿಸುತ್ತದೆ. ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲೋ ಶಸ್ತ್ರಚಿಕಿತ್ಸೆಗೆ ಮುನ್ನವೋ ಅಂಥ ವರದಿ ಬಂದರೆ, ವೈರಸ್ ಈಗಲೂ ಇದೆಯೇ ಎಂದು ತಿಳಿಸುವ ಆರ್‌ಎನ್‌ಎ ಪರೀಕ್ಷೆ ಮಾಡಿಸಿ ಎಂದು ಕೇಳುವ ಹಕ್ಕು ರೋಗಿಗಿದೆ. ಮಾತ್ರೆ ಮುಗಿದ 12 ವಾರಗಳ ನಂತರ ಆರ್‌ಎನ್‌ಎ ಕಾಣದಿದ್ದರೆ ಆ ವೈರಸ್ ಹೋಯಿತು ಎಂದೇ ಲೆಕ್ಕ. ಆ ಬಳಿಕವೂ ಚುಚ್ಚಿಕೊಳ್ಳುತ್ತಿರುವವರು ವರ್ಷಕ್ಕೊಮ್ಮೆಯಾದರೂ ಆರ್‌ಎನ್‌ಎ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮತ್ತೆ ಸೋಂಕು ಕಂಡರೆ ಮತ್ತೆ ಚಿಕಿತ್ಸೆ ಕೊಡಬೇಕು, ಎಷ್ಟನೆಯ ಸಲವಾದರೂ.